ಊಟ ಯಾಕೆ ರುಚಿಯಾಗಿದೆ?

ಜೂನ್ 2, ಸೋಮವಾರ

ತೂಕ ನೋಡಿದೆ. ನಿನ್ನೆ ಇದ್ದಷ್ಟೇ ಇದೆ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ — ಗುಳಿ ಬೀಳಲಿಲ್ಲ, ಬಾವಿಲ್ಲ. ಬಿಪಿ ಮಾತ್ರೆ ಆಯಿತು. ತಿಂಡಿಗೆ ಎರಡು ತುಂಡು ಬ್ರೆಡ್, ಮೊಟ್ಟೆಯ ಬಿಳಿ, ಅರ್ಧ ಸೇಬು. ಬ್ರೆಡ್ ಮೇಲೆ ಏನೋ ಸವರಿತ್ತು. ಏನೆಂದು ಕೇಳಿದೆ.

“ಬೆಳ್ಳುಳ್ಳಿ ಉಜ್ಜಿದೀನಿ, ಇನ್ನೇನು ವಿಷ ಹಾಕ್ತೀನಾ?” ಎಂದಳು ಹೆಂಡತಿ.

ಮೂಸಿ ನೋಡಿದೆ. ಬೆಳ್ಳುಳ್ಳಿಯೇ. ತಿಂದೆ.

ಕಳೆದ ವರ್ಷದ ಕೊನೆಯಿಂದ ಇದೇ ನಡೆದಿದೆ. ಎರಡು ಕಿಡ್ನಿಯೂ ಸೇರಿ ಕಾಲು ಭಾಗದಷ್ಟು ಕೆಲಸ ಮಾಡುತ್ತಿವೆಯಂತೆ. ಹೋಗಿದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಜೋಪಾನ ಮಾಡಿದರೆ ವರ್ಷಗಟ್ಟಲೆ ಸಾಗುತ್ತದೆ ಎಂದಿದ್ದಾರೆ ಡಾಕ್ಟರು. ಇಲ್ಲದಿದ್ದರೆ ಡಯಾಲಿಸಿಸ್ ಮಿಷಿನ್ನು. ವಾರಕ್ಕೆ ಮೂರು ಸಲ ಹೋಗಿ ಸೂಜಿ ಚುಚ್ಚಿಸಿಕೊಂಡು ಮಲಗುವುದು. ಆಸ್ಪತ್ರೆಯಲ್ಲಿ ಆ ಕೋಣೆಯ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಹೆದರಿಕೆ. ಇಲ್ಲಿ ಬರೆದುಕೊಳ್ಳುವುದಕ್ಕೆ ನಾಚಿಕೆಯೇನು, ಯಾರು ಓದುತ್ತಾರೆ.

ಅದಕ್ಕೇ ಬಾಯಿ ಕಟ್ಟಿದ್ದೇನೆ. ಉಪ್ಪು ಚಿಟಿಕೆ. ಬಾಳೆಹಣ್ಣು, ಕಿತ್ತಳೆ, ಟೊಮೇಟೊ ಮನೆಯೊಳಗೆ ಬರುವಂತಿಲ್ಲ. ತರಕಾರಿ ಹೆಚ್ಚಿ, ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ — ಅಷ್ಟು ಹೊತ್ತಿಗೆ ಬೀನ್ಸ್‌ಗೆ ತಾನು ಬೀನ್ಸ್ ಎಂಬುದೇ ಮರೆತುಹೋಗಿರುತ್ತದೆ.

ಜೂನ್ 3, ಮಂಗಳವಾರ, ಮಧ್ಯಾಹ್ನ

ಡಿಪೋ. ಕಾಯಿಲೆ ಗೊತ್ತಾದ ಮೇಲೆ ನನ್ನನ್ನು ಟಿಕೆಟ್ ತಪಾಸಣೆಗೆ ಲೈನಿಗೆ ಕಳಿಸುತ್ತಿಲ್ಲ, ಆಫೀಸಿನಲ್ಲಿ ಕೂರಿಸಿದ್ದಾರೆ. ಮೊದಲಾದರೆ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಹತ್ತಿದರೆ ಸಾಕು, ಟಿಕೆಟ್ ಇಲ್ಲದವನು ಯಾರೆಂದು ಕತ್ತಿನ ಹಿಂಭಾಗ ನೋಡಿಯೇ ಹೇಳುತ್ತಿದ್ದೆ. ಅಂಥವನು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿರುತ್ತಾನೆ. ಆಚೆ ಖಾಲಿ ಗೋಡೆ ಇದ್ದರೂ ಸರಿ.

ಊಟದ ಡಬ್ಬಿ ತೆರೆದೆ. ಅನ್ನ, ಎಲೆಕೋಸು, ಒಂದು ಸಣ್ಣ ತುಂಡು ಮೀನು. ಒಂದು ತುತ್ತು ಬಾಯಿಗಿಟ್ಟೆ. ನಿಲ್ಲಿಸಿದೆ. ಇನ್ನೊಂದು ತುತ್ತು.

ರುಚಿಯಾಗಿದೆ.

ಇದು ಸರಿಯಿಲ್ಲ. ಇಷ್ಟು ತಿಂಗಳು ಒದ್ದೆ ಕಾಗದ ಅಗಿದಂತೆ ತಿಂದಿದ್ದೇನೆ. ಅದೇ ಎಲೆಕೋಸು, ಅದೇ ಕೈ, ಅದೇ ಪಾತ್ರೆ. ಒಂದೇ ರಾತ್ರಿಯಲ್ಲಿ ರುಚಿ ಎಲ್ಲಿಂದ ಬಂತು? ಎಲ್ಲೋ ಏನೋ ನಡೆದಿದೆ.

ಪೂರ್ತಿ ತಿಂದೆ. ಡಬ್ಬಿಯ ಮೂಲೆಯನ್ನೂ ಬೆರಳಲ್ಲಿ ಬಳಿದೆ. ಅನುಮಾನ ಪಡುವುದಿದ್ದರೆ ಕೈ ತೊಳೆದ ಮೇಲೂ ಪಡಬಹುದು.

ಅದೇ ದಿನ, ಸಂಜೆ

ಕೇಳಿದೆ. ಅವಳು ಹೊಲಿಗೆ ಮಿಷಿನ್ ಮುಂದೆ ಕೂತಿದ್ದಳು. ಸ್ಕೂಲ್ ಯೂನಿಫಾರ್ಮ್‌ಗಳ ರಾಶಿ.

“ಇವತ್ತು ಎಲೆಕೋಸಿಗೆ ಏನು ಹಾಕಿದ್ದೆ?”

“ದಿನಾ ಹಾಕೋದನ್ನೇ.”

“ರುಚಿಯಾಗಿತ್ತು.”

“ಅದಕ್ಕೂ ವಿಚಾರಣೆನಾ?”

ತಲೆ ಎತ್ತಲಿಲ್ಲ. ಸೂಜಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಜೂನ್ 7, ಶನಿವಾರ

ಐದು ದಿನವೂ ರುಚಿ. ಬರೀ ಅನ್ನಕ್ಕೂ ಒಂದು ರುಚಿ.

ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ಹೋದೆ. ಉಪ್ಪು ಗಾಜಿನ ಜಾಡಿಯಲ್ಲಿದೆ. ಕುಲುಕಿ ಸಮ ಮಾಡಿ, ಹೊರಗಡೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದೆ. ಕಾಣುವುದು ನನಗೊಬ್ಬನಿಗೇ. ನನ್ನ ಜೊತೆ ಅವಳೂ ಸಪ್ಪೆಯೇ ತಿನ್ನುವುದು, ಹಾಗಾಗಿ ಇಬ್ಬರಿಗೂ ಸೇರಿ ದಿನಕ್ಕೆ ಎಷ್ಟು ಖರ್ಚಾಗಬೇಕು ಎಂಬ ಅಂದಾಜು ನನಗಿದೆ. ಅದಕ್ಕಿಂತ ಒಂದು ಕೂದಲೆಳೆ ಇಳಿದರೂ ಸಿಕ್ಕಿಬಿದ್ದಳು.

ಹೆಂಡತಿಯ ಮೇಲೆ ಇಂಥ ಪತ್ತೇದಾರಿಕೆ ಯಾಕೆ ಎಂದರೆ ಕಾರಣವಿದೆ. ಕಾಯಿಲೆ ಬಂದ ಹೊಸದರಲ್ಲಿ ಅವಳು ಯಾರ್ಯಾರದೋ ಮಾತು ಕೇಳಿಕೊಂಡು ಒಂದೊಂದೇ ತಂದಳು. ಎಂಥದೋ ಸೊಪ್ಪಿನ ಪುಡಿ. ಕಿಡ್ನಿ ತೊಳೆಯುವ ಕಷಾಯವಂತೆ, ಕಂದು ಬಾಟಲಿ. ಒಂದು ಎಣ್ಣೆ. ಮೂರನ್ನೂ ಮೂಸಿ ನೋಡಿ ಸಿಂಕಿಗೆ ಸುರಿದೆ. ಎಣ್ಣೆ ಸುರಿದ ದಿನ ಅವಳು ಅತ್ತಳು. ಆಮೇಲೆ ಏನೂ ತರಲಿಲ್ಲ. ತಂದಿದ್ದನ್ನು ಹೇಳಲಿಲ್ಲ ಎಂದೂ ಇರಬಹುದು.

ಜೂನ್ 12, ಗುರುವಾರ

ಬೇಗ ಮನೆಗೆ ಬಂದೆ. ಹೇಳದೆ ಬಂದೆ. ದಿಢೀರ್ ತಪಾಸಣೆ ಎಂದರೆ ಹಾಗೇ ಅಲ್ಲವೇ.

ಮೆಟ್ಟಿಲ ಮೇಲೆ ಹೆಂಡತಿ ಮತ್ತು ಡ್ರಿಲ್ ಮೇಷ್ಟ್ರು. ಮೇಲಿನ ಮನೆಯವರು, ಸ್ಕೂಲಿನಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಟ್ಟು ರಿಟೈರ್ ಆದವರು, ಈಗಲೂ ಎದೆ ಮುಂದೆ ಮಾಡಿಕೊಂಡೇ ಓಡಾಡುತ್ತಾರೆ. ಅವರು ಕಾಗದದಲ್ಲಿ ಸುತ್ತಿದ ಏನನ್ನೋ ಕೊಟ್ಟರು. ಇವಳು ಸೆರಗಿನ ಅಡಿಗೆ ಸೇರಿಸಿದಳು. ನನ್ನನ್ನು ನೋಡಿ ಇಬ್ಬರೂ ನಕ್ಕರು. ಸುಮ್ಮನೆ ನಗುವವರು ಹೀಗೆ ಒಟ್ಟಿಗೆ ನಗುವುದಿಲ್ಲ.

“ಏನ್ ಸಾರ್, ಮುಖದಲ್ಲಿ ಕಳೆ ಬಂದಿದೆ! ಊಟ ಚೆನ್ನಾಗಿ ಸೇರ್ತಿದೆ ಅಂತ ಕಾಣುತ್ತೆ,” ಎಂದರು ಮೇಷ್ಟ್ರು.

ನನ್ನ ಊಟ ಸೇರುತ್ತಿರುವುದು ಇವರಿಗೆ ಹೇಗೆ ಗೊತ್ತು?

“ಏನದು ಕೊಟ್ಟಿದ್ದು?” ಎಂದು ಒಳಗೆ ಬಂದ ಮೇಲೆ ಕೇಳಿದೆ.

“ಗುಂಡಿ. ಅವರ ಅಂಗಿಯದು ಕಿತ್ತುಹೋಗಿದೆಯಂತೆ, ಹೊಲಿದುಕೊಡಿ ಅಂದ್ರು.”

ಅಂಗಿಯಿಲ್ಲದೆ ಬರೀ ಗುಂಡಿ ಕೊಡುವವರನ್ನು ಇವತ್ತೇ ನೋಡಿದ್ದು. ಈ ವಯಸ್ಸಿನಲ್ಲಿ ಇಂಥ ಯೋಚನೆಗಳು ಬರಬಾರದು. ಬಂತು. ಮೇಷ್ಟ್ರ ಎದೆ ಅಷ್ಟು ಮುಂದಿರುವುದೂ ಇವತ್ತೇ ಕಣ್ಣಿಗೆ ಬಿತ್ತು.

ಜೂನ್ 13, ಶುಕ್ರವಾರ

ಜಾಡಿ ನೋಡಿದೆ. ಉಪ್ಪು ಎಷ್ಟು ಇಳಿಯಬೇಕೋ ಅಷ್ಟೇ ಇಳಿದಿದೆ. ಅದಕ್ಕಿಂತ ಮೇಲೇ ಇದೆ ಎಂದರೂ ನಡೆದೀತು.

ಮತ್ತೆ ಕುಲುಕಿ ನೋಡಿದೆ. ಅಷ್ಟೇ.

ನನ್ನ ಲೆಕ್ಕ ತಪ್ಪಿದ್ದು ಕಡಿಮೆ. ಹಾಗಾದರೆ ಅವಳ ಕೈ ತಪ್ಪು ಮಾಡಿಲ್ಲ. ಡ್ರಿಲ್ ಮೇಷ್ಟ್ರ ಅಂಗಿಗೂ ಈ ಎಲೆಕೋಸಿಗೂ ಸಂಬಂಧವಿಲ್ಲ. ಪೆನ್ಸಿಲ್ ಗೆರೆಯನ್ನು ಎಂಜಲು ಹಚ್ಚಿ ಒರೆಸಿಬಿಟ್ಟೆ.

ಜೂನ್ 20, ಶುಕ್ರವಾರ

ತೂಕ ಅರ್ಧ ಕಿಲೋ ಏರಿದೆ. ಕಾಲು ಒತ್ತಿ ನೋಡಿದೆ, ಬಾವಲ್ಲ, ಊಟದ್ದೇ.

ಎಷ್ಟು ದಿನವಾಯಿತು ಹಸಿವಾಗಿ ಊಟಕ್ಕೆ ಕೂತು! ಅನ್ನಕ್ಕೆ ಬೇಯಿಸಿದ ಸೋರೆಕಾಯಿ ಬಿದ್ದರೂ ಸಂತೋಷ. ತುದಿನಾಲಿಗೆಯಲ್ಲಿ ಮಾತ್ರ ಕೊನೆಗೆ ಚೂರು ಕಹಿ ಉಳಿಯುತ್ತದೆ. ಮಾತ್ರೆಗಳದಿರಬೇಕು, ಕಡಿಮೆ ನುಂಗುತ್ತೇನೆಯೇ. ನಿನ್ನೆ ಊಟ ಮಾಡುತ್ತ ನಾನೇ ಏನೋ ತಮಾಷೆ ಮಾಡಿದೆ, ಅವಳು ನಕ್ಕಳು. ನನ್ನ ತಟ್ಟೆ ಖಾಲಿಯಾಗುವುದನ್ನೇ ನೋಡುತ್ತ ಕೂತಿದ್ದಳು.

ಇನ್ನೂ ಕೆದಕಬಹುದಿತ್ತು. ಕೆದಕಲಿಲ್ಲ. ನಿಜ ಬರೆಯಬೇಕೆಂದರೆ — ಏನಾದರೂ ಸಿಕ್ಕಿಬಿಟ್ಟರೆ ರುಚಿ ನಿಂತುಹೋಗುತ್ತದಲ್ಲ ಎಂಬ ಹೆದರಿಕೆ.

ಜುಲೈ 1, ಮಂಗಳವಾರ

ರಕ್ತಪರೀಕ್ಷೆ. ಪೊಟ್ಯಾಶಿಯಂ 5.7. ಕಳೆದ ಸಲ ಐದರೊಳಗಿತ್ತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ನೂ ಸ್ವಲ್ಪ ಮೇಲೆ.

ಡಾಕ್ಟರು ಕಾಗದ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. “ಬಾಳೆಹಣ್ಣು ತಿಂತಿದೀರಾ?”

“ಇಲ್ಲ.”

“ಜ್ಯೂಸು? ಒಣಹಣ್ಣು? ಆಲೂಗಡ್ಡೆ ಚಿಪ್ಸು?”

“ಇಲ್ಲ ಸಾರ್.”

“ಹೊರಗಡೆ ಊಟ?”

“ಒಂದು ಲೋಟ ಟೀ ಕೂಡ ಇಲ್ಲ.”

“ಹಾಗಾದ್ರೆ ಇದು ಗಾಳಿಯಿಂದ ಬಂತಾ? ನೋಡಿ, ಪೊಟ್ಯಾಶಿಯಂ ಹೀಗೇ ಏರಿದ್ರೆ ಮೊದಲು ಏಟು ಬೀಳೋದು ಹೃದಯಕ್ಕೆ. ಆಗ ಮಿಷಿನ್ ಬೇಕು ಬೇಡ ಅಂತ ನಿಮ್ಮನ್ನ ಕೇಳ್ಕೊಂಡು ಕೂರಲ್ಲ ನಾನು.”

ಜನ್ಮವೆಲ್ಲ ಬೇರೆಯವರ ಮುಖ ನೋಡಿ ಸುಳ್ಳು ಹಿಡಿದವನು ನಾನು. ಇವತ್ತು ನಿಜ ಹೇಳುತ್ತಿದ್ದೇನೆ, ಡಾಕ್ಟರ ಮುಖದಲ್ಲಿ ನಂಬಿಕೆಯಿಲ್ಲ. ಪಕ್ಕಕ್ಕೆ ತಿರುಗಿದೆ. ಹೆಂಡತಿಯ ಮುಖದಲ್ಲೂ ಇರಲಿಲ್ಲ.

ಮಾತ್ರೆ ಬದಲಾಯಿಸಿ, ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಎಂದಿದ್ದಾರೆ. ಮನೆ ಬಾಗಿಲಲ್ಲಿ ಅವಳು, ಬೀಗಕ್ಕೆ ಕೀಲಿ ಹಾಕುತ್ತ, “ನಾನು ಮನೇಲಿ ಬೇಯಿಸಿ ಬೇಯಿಸಿ ಸಾಯ್ತೀನಿ. ಇವರು ಡಿಪೋ ಕ್ಯಾಂಟೀನಲ್ಲಿ ಏನು ಮೇಯ್ತಾರೋ,” ಎಂದಳು. ನನಗಲ್ಲ, ಬೀಗಕ್ಕೆ.

ಜುಲೈ 3, ಗುರುವಾರ

ಮೀಸೆ ಸರಿಯಿಲ್ಲ. ಡಿಪೋದಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಡ್ರೈವರು, ಹಳೆ ಸ್ನೇಹಿತ. ಇಷ್ಟು ವರ್ಷ ನನ್ನ ಡಬ್ಬಿಯತ್ತ ಕಣ್ಣೆತ್ತಿಯೂ ನೋಡದವನು ಎರಡು ದಿನದಿಂದ ಊಟಕ್ಕೆ ನನ್ನ ಎದುರೇ ಬಂದು ಕೂರುತ್ತಾನೆ. “ಏನ್ ಸಾರ್ ಇವತ್ತು? ಅಷ್ಟೇನಾ? ಆಮೇಲೆ ಏನಾದ್ರೂ ತಗೊಳ್ತೀರಾ?” ಎಂದು ವಿಚಾರಿಸುತ್ತಾನೆ. ಕೈ ತೊಳೆಯಲು ಹೋದರೂ ಹಿಂದೆ. ಕ್ಯಾಂಟೀನ್ ಬಾಗಿಲ ಹತ್ತಿರ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದ, ನನ್ನನ್ನು ಕಂಡು ಗಪ್‌ಚಿಪ್.

ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಾನೆಯೇ? ನಾನು ಹಾಸಿಗೆ ಹಿಡಿದರೆ ಆಫೀಸ್ ಕೆಲಸ ಯಾರಿಗೆ ಎಂದು ಈಗಲೇ ಓಡಾಡುತ್ತಿದ್ದಾನೆಯೇ?

ಜುಲೈ 4, ಶುಕ್ರವಾರ

ಹಿಡಿದೆ. ಬಸ್ಸಿನ ಹಿಂದೆ ನಿಂತು ಕೇಳಿಸಿಕೊಂಡೆ. ಮೀಸೆ ಫೋನಿನಲ್ಲಿ: “ಇಲ್ಲ ಅತ್ತಿಗೆ, ಡಬ್ಬಿಯದಷ್ಟೇ ತಿಂದ್ರು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೇ ಇದೀನಿ. ಕ್ಯಾಂಟೀನ್ ಕಡೆ ಹೋಗಿಲ್ಲ.”

ಅತ್ತಿಗೆ! ನನ್ನ ಹೆಂಡತಿ ನನ್ನ ಮೇಲೆ ಗೂಢಚಾರನನ್ನು ಬಿಟ್ಟಿದ್ದಾಳೆ.

ಕೊರಳಪಟ್ಟಿ ಹಿಡಿದು ಕೇಳಿದೆ. “ಅತ್ತಿಗೆ ಅತ್ತುಬಿಟ್ರು ಸಾರ್. ಇವರು ಎಲ್ಲೋ ಕದ್ದು ತಿಂತಿದಾರೆ, ಒಂದು ಕಣ್ಣಿಡು ತಮ್ಮಾ ಅಂದ್ರು. ನಾನೇನು ಮಾಡ್ಲಿ?” ಎಂದ.

ಮನೆಗೆ ಬಂದು ಜಗಳ ಆಡಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದಾಗ ಅವಳ ಕಣ್ಣು ನನ್ನ ಜೇಬಿನ ಮೇಲೆ, ಆಮೇಲೆ ಬಾಯಿಯ ಮೇಲೆ. ತುತ್ತಿನ ಗುರುತು ಹುಡುಕುತ್ತಿದ್ದಳು. ನಾನೂ ಉಪ್ಪಿನ ಜಾಡಿಯನ್ನು ಹಾಗೇ ನೋಡಿದ್ದೆ. ಜಗಳ ಬಿಟ್ಟು ಕೈಕಾಲು ತೊಳೆದೆ. ಊಟಕ್ಕೆ ಕೂತೆವು. ರುಚಿಯಾಗಿತ್ತು. ಇಬ್ಬರೂ ಒಬ್ಬರ ತಟ್ಟೆಯನ್ನು ಇನ್ನೊಬ್ಬರು ನೋಡುತ್ತ ಉಂಡೆವು.

ಜುಲೈ 9, ಬುಧವಾರ

ಕಾಲು ಭಾರ. ಮಲಗಿ ಎದ್ದರೂ ಭಾರ. ಡಿಪೋದಲ್ಲಿ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ನೋಡಿದವರು ಯಾರೂ ಇಲ್ಲ ಎಂದುಕೊಂಡಿದ್ದೇನೆ. ಎದೆ ಒಂದೊಂದು ಬಡಿತ ಮರೆತು ಆಮೇಲೆ ನೆನಪಿಸಿಕೊಂಡಂತೆ ಹೊಡೆದುಕೊಳ್ಳುತ್ತಿದೆ. ತುಟಿ ಜುಮುಜುಮು.

ಅವಳಿಗೆ ಹೇಳಿಲ್ಲ. ಹೇಳಿದರೆ, ‘ಹೊರಗೆ ತಿಂದಿದ್ದಕ್ಕೇ’ ಅನ್ನುತ್ತಾಳೆ. ಡಾಕ್ಟರಿಗೂ ಹೇಳುವುದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಹೇಗೂ ಪರೀಕ್ಷೆ ಇದೆ.

ಜುಲೈ 14, ಸೋಮವಾರ. ಆಸ್ಪತ್ರೆ

ಪೆನ್ನು ಹಿಡಿಯಲು ಇವತ್ತು ಆಯಿತು. ಬಲಗೈಗೆ ಸೂಜಿ, ಅಕ್ಷರ ವಕ್ರ.

ಶುಕ್ರವಾರ ಬಚ್ಚಲ ಬಾಗಿಲಲ್ಲಿ ಕುಸಿದೆನಂತೆ. ಹೊತ್ತು ತಂದವರು ಡ್ರಿಲ್ ಮೇಷ್ಟ್ರು. ಮೂರು ಮಹಡಿ ಮೆಟ್ಟಿಲು, ಒಬ್ಬರೇ. ಅವರ ಬಗ್ಗೆ ಹಿಂದಿನ ಪುಟಗಳಲ್ಲಿ ಏನೇನು ಬರೆದಿದ್ದೇನೋ ಓದಲು ಧೈರ್ಯವಿಲ್ಲ.

ಪೊಟ್ಯಾಶಿಯಂ 6.9. ಎದೆಗೆ ವಯರು ಹಚ್ಚಿ ಇಸಿಜಿ, ನರಕ್ಕೆ ಇಂಜೆಕ್ಷನ್ನು, ಗ್ಲೂಕೋಸು, ಕುಡಿಯಲು ಎಂಥದೋ ಪುಡಿ ಕಲಸಿದ ಗಂಜಿಯಂಥದ್ದು. ಶನಿವಾರ ಬೆಳಗ್ಗೆ ಮಿಷಿನ್ ಕೋಣೆಯ ಬಾಗಿಲವರೆಗೂ ಒಯ್ದಿದ್ದರು. ಅಷ್ಟರಲ್ಲಿ ಸಂಖ್ಯೆ ಇಳಿಯಿತೆಂದು ವಾಪಸ್ ತಂದರು. ಈ ಸಲ ಮುಖ ತಿರುಗಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ, ನೋಡಿದೆ. ಒಳಗೆ ನನ್ನ ವಯಸ್ಸಿನವನೊಬ್ಬ ಪೇಪರ್ ಓದುತ್ತಿದ್ದ.

ಆಸ್ಪತ್ರೆಯ ಊಟ. ಸಪ್ಪೆ. ಅನುಮಾನ ಪಡಲು ಏನೂ ಇಲ್ಲದಷ್ಟು ಸಪ್ಪೆ.

ಜುಲೈ 15, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಊಟದ ಹೊತ್ತಿಗೆ ಡಯಟಿಷಿಯನ್ ಬಂದಳು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಸ್ಟೂಲ್ ಎಳೆದುಕೊಂಡು ಕೂತು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀರಿ ಎಂದು ಒಂದೊಂದೇ ಕೇಳಿದಳು. ಹೆಂಡತಿ ಉತ್ತರಿಸಿದಳು. ಅಕ್ಕಿ ಬಿಳಿಯದೇ. ತರಕಾರಿ ಎರಡು ಸಲ ಬೇಯಿಸುವುದು, ನೀರು ಚೆಲ್ಲುವುದು. ಮೀನು ಬೆಂಕಿಪೊಟ್ಟಣದಷ್ಟು. “ಪರವಾಗಿಲ್ಲಮ್ಮಾ, ನಮ್ಮ ಪೇಷಂಟುಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ,” ಎಂದಳು ಹುಡುಗಿ. ಹೆಂಡತಿಯ ಮುಖ ಅರಳಿತು. ಎಷ್ಟೋ ದಿನದ ಮೇಲೆ ಯಾರೋ ಅವಳನ್ನು ಹೊಗಳಿದ್ದರು.

ಆಗ ನನ್ನ ತಟ್ಟೆ ಬಂತು. ನಾನು ಮುಖ ಸಿಂಡರಿಸಿದೆ. ಹೆಂಡತಿ ಚೀಲಕ್ಕೆ ಕೈಹಾಕಿ, ಗುಂಡಿ ಇಡುವ ಸಣ್ಣ ತಗಡಿನ ಡಬ್ಬಿ ತೆಗೆದು, ಬೆರಳಲ್ಲಿ ಬಿಳಿ ಪುಡಿ ಎತ್ತಿ ನನ್ನ ಅನ್ನದ ಮೇಲೆ ಉದುರಿಸಿದಳು.

“ಏನಮ್ಮಾ ಅದು?”

“ಉಪ್ಪು... ಅಯ್ಯೋ ಗಾಬರಿಯಾಗ್ಬೇಡಿ ಮೇಡಂ, ಸಾದಾ ಉಪ್ಪಲ್ಲ! ಇದರಲ್ಲಿ ಸೋಡಿಯಂ ಕಮ್ಮಿ. ಬಿಪಿ ಇದ್ದೋರಿಗೆ ಅಂತಲೇ ಮಾಡಿರೋದು. ಪ್ಯಾಕೆಟ್ ಮೇಲೆ ಹೃದಯದ ಚಿತ್ರ ಇದೆ. ಮೇಲಿನ ಮನೆ ಮೇಷ್ಟ್ರು ವರ್ಷದಿಂದ ಇದನ್ನೇ ತಿಂತಿದಾರೆ, ಬಿಪಿ ಇಳಿದಿದೆ, ನನಗೂ ಅವರೇ ತಂದುಕೊಡೋದು. ಇವರು ಊಟ ಬಿಟ್ಟು ಸೊರಗಿಹೋಗಿದ್ರು, ಇದು ಹಾಕಿದ ಮೇಲೇ ನಾಲ್ಕು ತುತ್ತು ತಿನ್ನೋಕೆ ಶುರು ಮಾಡಿದ್ದು.”

ಹೆಮ್ಮೆಯಿಂದ ಹೇಳಿದಳು. ಡಬ್ಬಿಯನ್ನು ಹುಡುಗಿಯ ಮುಂದೆ ಹಿಡಿದಳು.

ಹುಡುಗಿ ತಟ್ಟೆಯನ್ನು ನನ್ನ ಮುಂದಿನಿಂದ ಮೆಲ್ಲಗೆ ಎಳೆದುಕೊಂಡಳು. “ಅಮ್ಮಾ... ಸೋಡಿಯಂ ತೆಗೆದ ಜಾಗಕ್ಕೆ ಇದರಲ್ಲಿ ಪೊಟ್ಯಾಶಿಯಂ ಹಾಕಿರ್ತಾರೆ. ಕಿಡ್ನಿ ಸರಿಯಿರೋರಿಗೆ ಏನೂ ಆಗಲ್ಲ, ಹೆಚ್ಚಾಗಿದ್ದು ಹೊರಗೆ ಹೋಗುತ್ತೆ. ಮೇಷ್ಟ್ರಿಗೆ ಒಳ್ಳೇದೇ. ಇವರಿಗೆ ಹೊರಗೆ ಹೋಗಲ್ಲ.”

ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡಬ್ಬಿ ಹಿಡಿದ ಕೈ ಹಾಗೇ ಇತ್ತು.

“ಯಾಕಮ್ಮಾ ಯಾರಿಗೂ ಹೇಳಲಿಲ್ಲ? ಡಾಕ್ಟರ್ ಕೇಳಿದಾಗ ಆದ್ರೂ...”

“ಡಾಕ್ಟರ್ ಹಣ್ಣು ತಿಂದ್ರಾ, ಜ್ಯೂಸ್ ಕುಡಿದ್ರಾ ಅಂತ ಕೇಳಿದ್ರು. ಉಪ್ಪು ಕೇಳಲಿಲ್ಲ.” ನನ್ನತ್ತ ನೋಡಿದಳು. “ಇವರಿಗೆ ಹೇಳಿದ್ರೆ ಮೂಸಿ ನೋಡಿ ಸಿಂಕಿಗೆ ಸುರೀತಿದ್ರು ಮೇಡಂ. ಅದಕ್ಕೇ ಗುಂಡಿ ಡಬ್ಬೀಲಿ ಇಟ್ಟಿದ್ದೆ.”

ನನಗೆ ಮೊದಲು ಬಂದ ಯೋಚನೆ ಯಾವುದೆಂದು ಬರೆದುಬಿಡುತ್ತೇನೆ. ಸಿಕ್ಕಿಬಿದ್ದಳು. ನಾನು ಹೇಳಿರಲಿಲ್ಲವೇ. ಅಷ್ಟೇ. ಒಂದು ಕ್ಷಣ ಖುಷಿಯಾಯಿತು — ಸಾವಿನ ಬಾಗಿಲಿಂದ ಬಂದು ಮಲಗಿರುವವನಿಗೆ! ಆಮೇಲೆ ಅವಳ ಮುಖ ನೋಡಿದೆ. ಅಂಥ ಮುಖವನ್ನು ನಾನು ಯಾವ ಬಸ್ಸಿನಲ್ಲೂ ನೋಡಿಲ್ಲ. ಹಿಂದೆ ನಾನು ಸುರಿದ ಮೂರರಲ್ಲಿ ಸುರಿಯಲೇಬೇಕಾದದ್ದು ಇತ್ತು, ನಿಜ. ಅವಳನ್ನು ಕೂರಿಸಿಕೊಂಡು ಯಾಕೆಂದು ಹೇಳಿ ಸುರಿದಿದ್ದರೆ ನಾಲ್ಕನೆಯದನ್ನು ಅವಳು ನನ್ನ ಮುಂದೆಯೇ ಇಡುತ್ತಿದ್ದಳು.

ಹುಡುಗಿ ಎದ್ದು ಹೋಗುವಾಗ ಹೇಳಿದಳು: “ಊಟ ರುಚಿಯಾಗಿರಬಾರದು ಅಂತ ಯಾರೂ ಹೇಳಿಲ್ಲ. ರುಚಿ ಎಲ್ಲಿಂದ ಬಂತು ಅನ್ನೋದು ಇಬ್ಬರಿಗೂ ಗೊತ್ತಿರ್ಬೇಕು, ಅಷ್ಟೇ.”

ಜುಲೈ 21, ಸೋಮವಾರ. ಮನೆ

ಬಂದು ಎರಡು ದಿನ. ಒಲೆ ಉರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಿಂದ ಕಿಡ್ನಿ ರೋಗಿಗಳ ಊಟ ತರಿಸುತ್ತಿದ್ದಾಳೆ. ಮೀಸೆ ತಂದುಕೊಡುತ್ತಾನೆ.

ಅವಳು ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ನೀರಿನ ಲೋಟ ಕೊಡುವಾಗಲೂ ಒಂದು ಸಲ ಬೆಳಕಿಗೆ ಹಿಡಿದು ನೋಡಿ ಕೊಡುತ್ತಾಳೆ.

“ಅಡುಗೆ ಮಾಡೇ,” ಎಂದೆ ಇವತ್ತು.

“ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ.”

“ನನಗಿದೆ.”

“ಸುಳ್ಳು ಹೇಳ್ಬೇಡಿ. ನಿಮಗೆ ಯಾವತ್ತು ಇತ್ತು?”

ಹೊಲಿಗೆ ಮಿಷಿನ್ ಮುಂದೆ ಹೋಗಿ ಕೂತಳು, ಹೊಲಿಯಲಿಲ್ಲ. ಡ್ರಿಲ್ ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತು, “ನಾನು ಒಳ್ಳೇದಾಗ್ಲಿ ಅಂತ...” ಎಂದು ಮುಂದೆ ಹೇಳಲಾಗದೆ ಹೋದರು. ಮೊದಲ ಸಲ ಅವರ ಬೆನ್ನು ಬಾಗಿತ್ತು.

ಜುಲೈ 29, ಮಂಗಳವಾರ

ನಾನೇ ಅಡುಗೆ ಮಾಡಿದೆ. ಜೀವನದಲ್ಲಿ ಮೊದಲ ಸಲ ಎಂದರೆ ಸುಳ್ಳಾಗುತ್ತದೆ, ಮದುವೆಗೆ ಮುಂಚೆ ಮೊಟ್ಟೆ ಬೇಯಿಸಿದ್ದೆ.

ಬೀನ್ಸ್ ಹೆಚ್ಚಿ ನೆನೆಸಿ ಬೇಯಿಸಿ ನೀರು ಚೆಲ್ಲಿದೆ. ಡಯಟಿಷಿಯನ್ ಹೇಳಿಕೊಟ್ಟ ಹಾಗೆ ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕೆಂಪಗೆ ಮಾಡಿ, ಕಾಳುಮೆಣಸು ಕುಟ್ಟಿ ಹಾಕಿ, ಇಳಿಸುವಾಗ ನಿಂಬೆಹಣ್ಣಿನ ನಾಲ್ಕು ಹನಿ. ಬೆಳ್ಳುಳ್ಳಿ ಸೀದುಹೋಯಿತು. ಮೆಣಸಿನ ಘಾಟಿಗೆ ನಾಲ್ಕು ಸೀನು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು.

“ಉರಿ ಕಮ್ಮಿ ಮಾಡಿ.” ಅಷ್ಟೇ ಹೇಳಿದ್ದು.

ಎರಡು ತಟ್ಟೆ ಇಟ್ಟೆ. ಕೂರುತ್ತಾಳೋ ಇಲ್ಲವೋ. ಕೂತಳು. ಒಂದು ತುತ್ತು ತಿಂದು, ಬಹಳ ಹೊತ್ತು ಅಗಿದು, “ನಾಯಿಯೂ ಮೂಸಲ್ಲ,” ಎಂದಳು. ಇಬ್ಬರೂ ನಕ್ಕೆವು, ನಗುತ್ತಲೇ ಅವಳು ಅಳಲು ಶುರು ಮಾಡಿದಳು. ನಾನೂ ಅತ್ತೆ. ಬೀನ್ಸ್ ಮುಗಿಸಿದೆವು.

ಆಗಸ್ಟ್ 8, ಶುಕ್ರವಾರ

ಪೊಟ್ಯಾಶಿಯಂ 4.8. ಕ್ರಿಯಾಟಿನಿನ್ ಹಳೆಯ ಜಾಗಕ್ಕೇ ಬಂದಿದೆ. “ಮಿಷಿನ್ ಮಾತು ಸದ್ಯಕ್ಕೆ ಬೇಡ,” ಎಂದರು ಡಾಕ್ಟರು. “ಇನ್ನು ಮೇಲೆ ಉಪ್ಪಿನದೂ ಕೇಳ್ತೀನಿ ನಾನು,” ಎಂದು ಹೆಂಡತಿಗೆ ಹೇಳಿದರು. ಒಳ್ಳೆಯ ಮನುಷ್ಯ.

ಸಂಜೆ ಅವಳು ಒಲೆ ಹಚ್ಚಿದಳು. ನಾನು ಹೊರಗಿನ ಕೋಣೆಯಿಂದ ಕದಲಲಿಲ್ಲ.

ತಟ್ಟೆ ತಂದಿಟ್ಟು ಎದುರಿಗೆ ನಿಂತು ಒಪ್ಪಿಸಿದಳು: “ಹೂಕೋಸು, ಎರಡು ಸಲ ಬೇಯಿಸಿದೀನಿ. ಬೆಳ್ಳುಳ್ಳಿ ಎರಡು ಎಸಳು. ಎಣ್ಣೆ ಎರಡು ಚಮಚ. ಮೆಣಸು. ಜೀರಿಗೆ. ಉಪ್ಪು ಜಾಡಿಯದೇ, ಚಿಟಿಕೆ.” ಬಸ್ಸಿನಲ್ಲಿ ನಾನು ಹತ್ತಿದ ತಕ್ಷಣ ಕೇಳುವ ಮೊದಲೇ ಟಿಕೆಟ್ ಎತ್ತಿ ಹಿಡಿಯುವ ಮುದುಕಿಯರಿರುತ್ತಾರೆ. ತಪ್ಪು ಮಾಡಿರುವುದಿಲ್ಲ, ಆದರೂ ನಾನು ಮುಂದೆ ಹೋಗುವವರೆಗೆ ಟಿಕೆಟ್ ಇಳಿಸುವುದಿಲ್ಲ.

“ಹೀಗೆ ಒಪ್ಪಿಸಬೇಡ ಕಣೇ,” ಎಂದೆ.

“ಮತ್ತೆ ಹೇಗೆ?”

ಹೇಗೆಂದು ನನಗೂ ಗೊತ್ತಿಲ್ಲ. ಕೇಳದೆ ತಿಂದರೆ ಜೀವಕ್ಕೆ ಅಪಾಯ. ಕೇಳಿದರೆ ಅವಳಿಗೆ ಹೀಗೆ.

ಆಗಸ್ಟ್ 14, ಗುರುವಾರ, ಸಂಜೆ

ಮಧ್ಯಾಹ್ನದ ಊಟ ರುಚಿಯಾಗಿತ್ತು. ಸುಮಾರಾಗಿ ಅಲ್ಲ. ಜೂನಿನಲ್ಲಿ ಇದ್ದಂತೆಯೇ ರುಚಿ. ಅವಳು ಏನೂ ಒಪ್ಪಿಸಲಿಲ್ಲ, ನಾನೇ ಬೇಡವೆಂದಿದ್ದೆನಲ್ಲ. ನಾನೂ ಕೇಳಲಿಲ್ಲ. ತಿಂದೆ.

ಆಮೇಲೆ ಅವಳು ಯೂನಿಫಾರ್ಮ್ ಗಂಟು ಹೊತ್ತು ಸ್ಕೂಲಿಗೆ ಹೋದಳು. ನಾನು ಅಡುಗೆಮನೆಗೆ ಹೋದೆ. ಹೋಗಬಾರದು ಎಂದುಕೊಂಡೇ ಹೋದೆ. ಒಂದು ಡಬ್ಬಿ ತೆಗೆದೆ, ಜೀರಿಗೆ. ಇನ್ನೊಂದು, ಮೆಣಸು. ಮೂರನೆಯದು ಹಿಂದುಗಡೆ, ಅಕ್ಕಿಯ ಡಬ್ಬಿಯ ಮರೆಯಲ್ಲಿ. ಮುಚ್ಚಳಕ್ಕೆ ಕೈ ಇಟ್ಟಿದ್ದೆ.

ಅವಳು ಬಾಗಿಲಲ್ಲಿ ನಿಂತಿದ್ದಳು. ಅಳತೆ ಟೇಪು ಮರೆತು ವಾಪಸ್ ಬಂದಿದ್ದಳು.

ಡಬ್ಬಿ ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬೈಯಲೂ ಇಲ್ಲ. ಗಂಟು ಕೆಳಗಿಟ್ಟು ಬಾಗಿಲಲ್ಲೇ ಕೂತಳು.

“ನೀವು ಕೇಳಿದ್ರೆ ನಾನು ಹೇಳ್ತೀನಿ. ನೀವು ಹುಡುಕೋಕೆ ಶುರು ಮಾಡಿದ್ರೆ ನಾನು ಬಚ್ಚಿಡೋಕೆ ಶುರು ಮಾಡ್ತೀನಿ. ನಮ್ಮ ಮನೇಲಿ ಮೊದಲಿಂದ ಇದೇ ಆಗಿದ್ದು. ಬಾಯಿ ಬಿಟ್ಟು ಕೇಳೋಕೆ ಏನು ಕಷ್ಟ ನಿಮಗೆ?”

“ನಿನಗೆ ಬೇಜಾರಾಗುತ್ತೆ ಅಂತ.”

“ಆಗ್ಲಿ. ಬೇಜಾರಾದ್ರೆ ನಾಲ್ಕು ಮಾತು ಬೈತೀನಿ. ನೀವು ಮತ್ತೆ ಬಚ್ಚಲಲ್ಲಿ ಬೀಳೋದಕ್ಕಿಂತ ವಾಸಿ ಅಲ್ವಾ?”

ಡಬ್ಬಿಯನ್ನು ಮುಚ್ಚಳ ತೆಗೆಯದೆ ಇದ್ದಲ್ಲೇ ಇಟ್ಟೆ. ಅವಳ ಪಕ್ಕ ನೆಲದ ಮೇಲೆ ಕೂತೆ. ಮಂಡಿ ಲಟಕ್ಕೆಂದಿತು.

“ಇವತ್ತು ಊಟ ಯಾಕೆ ಅಷ್ಟು ರುಚಿಯಾಗಿತ್ತು?”

“ಈರುಳ್ಳೀನ ಸಣ್ಣ ಉರೀಲಿ ತುಂಬಾ ಹೊತ್ತು ಬಾಡಿಸಿದೀನಿ, ಜೇನಿನ ಬಣ್ಣ ಬರೋವರೆಗೂ. ಕೊನೇಲಿ ಸ್ವಲ್ಪ ವಿನಿಗರ್. ಆ ಹುಡುಗಿಗೆ ಫೋನ್ ಮಾಡಿ ಕೇಳ್ಕೊಂಡೇ ಹಾಕಿದ್ದು.” ಗಂಟು ಹತ್ತಿರ ಎಳೆದುಕೊಂಡು, “ನಿಮ್ಮ ಕೈಲಿದ್ದ ಡಬ್ಬೀಲಿ ಸಕ್ಕರೆ ಇದೆ. ನನ್ನ ಟೀಗೆ,” ಎಂದಳು.

ನಂಬಿದೆ. ಮುಖ ನೋಡಿ ಅಲ್ಲ. ಕೇಳಿದ್ದಕ್ಕೆ ಹೇಳಿದಳು, ಅದಕ್ಕೆ. ಈ ವಯಸ್ಸಿಗೆ ಇದು ಹೊಸ ಕೆಲಸ, ಅಭ್ಯಾಸವಾಗಬೇಕು. ನಾಳೆ ಮತ್ತೆ ಕೈ ಡಬ್ಬಿಯತ್ತ ಹೋಗುವುದಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾದೀತು.

ಸ್ಕೂಲಿಗೆ ಹೋಗಿ ಬಂದು ಈಗ ಅಡುಗೆಮನೆಯಲ್ಲಿದ್ದಾಳೆ. ಏನೋ ಘಮಘಮ ಅನ್ನುತ್ತಿದೆ. ಹೊಸ ವಾಸನೆ, ನನಗೆ ಗುರುತು ಸಿಗುತ್ತಿಲ್ಲ. “ರೀ, ಬಂದು ಇದೊಂದು ಚೂರು ರುಚಿ ನೋಡಿ,” ಎಂದು ಕರೆಯುತ್ತಿದ್ದಾಳೆ. ಏನು ಹಾಕಿದೀಯ ಎಂದು ಇಲ್ಲಿಂದಲೇ, ಗಟ್ಟಿಯಾಗಿ, ಕೂಗಿ ಕೇಳಿದೆ. ಪೆನ್ನು ಇಟ್ಟು ಹೋಗುತ್ತೇನೆ.